ಅವ್ವ ಬರುವ ಹೊತ್ತು

ಮರೆವಿನ ಕಾಯಿಲೆಯವರಿಗೆ ನೆರವಾಗುವ ಸಂಘದ ಕಾರ್ಯಕರ್ತೆಯೊಬ್ಬರು ಯಳಂದೂರಿನಿಂದ ಮಾಂಬಳ್ಳಿಯ ನಮ್ಮ ಮನೆಗೆ ಬರುತ್ತಿದ್ದರು. ಕುರ್ಚಿ ಕೊಟ್ಟರೂ ನೆಲಕ್ಕೇ ಕೂರುವರು. ಅವ್ವನ ಕಣ್ಣಿಗಿಂತ ತಮ್ಮ ಕಣ್ಣು ಕೆಳಗಿರಬೇಕು. ಏನೇ ಮಾತು ಬರಲಿ, "ಮೊದ್ಲು ಅವ್ರನ್ನೇ ಕೇಳಾಣ ಕಣ್ರಿ." ಯಾರ ಮನಸ್ಸು ಯಾವಾಗ ತಿಳಿಯಾಗುತ್ತದೆಂಬುದು ಅವರಿಗೆ ಬಾಯಿಪಾಠ. ಅದನ್ನು "ಬರೋ ಹೊತ್ತು" ಎನ್ನುವರು. ಪಕ್ಕದೂರು ಅಗರದ ಅಜ್ಜನೊಬ್ಬನಿಗೆ ಸಂಜೆ, ನಮ್ಮವ್ವನಿಗೆ ಬೆಟ್ಟದ ಮಂಜು ಕರಗುವ ಬೆಳಗು.

ಅವ್ವನನ್ನು ಮೈಸೂರಿನ ಆರೈಕೆ ಕೇಂದ್ರಕ್ಕೆ ಸೇರಿಸಲು ನಾನೊಬ್ಬನೇ ತೀರ್ಮಾನಿಸಿದ್ದೆ. ಒಂದು ಮಧ್ಯಾಹ್ನ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲು ಅವಳ ಬೆರಳು ಹಿಡಿದು ಮಸಿಗೆ ಅದ್ದಿದ್ದೆ. ಅಷ್ಟರಲ್ಲಿ ಆ ಕಾರ್ಯಕರ್ತೆ ಬಂದರು.

"ತಡೀರಿ ಸಾ. ಅವ್ರನ್ನ ಕೇಳುದ್ರಾ?"

"ಮಗ ನಾನು, ನನ್ನೇ ತನ್ನಣ್ಣ ಅಂತವ್ಳೆ. ಇನ್ನೇನ್ ಕೇಳದು?"

"ಹೆಸ್ರು ಮರ್ತ್ರೆ ತೀರ್ಮಾನ ಮಾಡೋ ಶಕ್ತಿ ಓಯ್ತು ಅಂತಲ್ಲ. ಶಕ್ತಿ ಅದೆ ಅಂತ್ಲೇ ಶುರು ಮಾಡ್ಬೇಕು, ಕಾನೂನು ಯೋಳೋದೂ ಅದ್ನೇಯ. ನಾಳೆ ಬೆಳಿಗ್ಗೆ ಬತ್ತೀನಿ."

ಮರುದಿನ ಮೊದಲ ಬಸ್ಸಿಗೇ ಬಂದರು. ಅವ್ವನ ಜೊತೆ ನೆನೆದ ಅವರೆಕಾಳು ಹಿತುಕುತ್ತ, ಕನಸಿನಲ್ಲಿರುವವರನ್ನು ಮಾತಾಡಿಸುವಂತೆ ಮೆಲ್ಲಗೆ, ಮೈಸೂರಿಗೆ ಹೋಗುವ ಒಂದೇ ಮಾತನ್ನು ಮೂರು ಬಗೆಯಲ್ಲಿ ಕೇಳಿದರು. ಸಿಪ್ಪೆಯಿಂದ ಬೇಳೆ ಜಾರುತ್ತಿತ್ತು. ಅವ್ವ ಎಲ್ಲೋ ದೂರದಿಂದ ನಡೆದು ಬರುತ್ತಿದ್ದಂತಿತ್ತು.

"ಓಯ್ತೀನಿ," ಎಂದಳು ಕೊನೆಗೆ. ಆಮೇಲೆ ನನ್ನತ್ತ ಕೈ ತೋರಿಸಿ, "ನನ್ ಮಗ ಒಂಟಿ ಆಯ್ತನೆ. ಅವನ್ನೂ ಕೇಳವ್ವ."

ಅವರು ಕೂತಂತೆಯೇ ನನ್ನ ಕಡೆ ಸರಿದು, ತಲೆ ತಗ್ಗಿಸಿ ನಿಂತಿದ್ದ ನನ್ನ ಕಣ್ಣನ್ನು ಕೆಳಗಿನಿಂದ ನೋಡಿದರು.

"ಯೋಳಿ ಸಾ."

ನಾನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ. ನನ್ನ ಬೆರಳಿನಿಂದ ನಿನ್ನೆಯ ಮಸಿ ಇನ್ನೂ ಹೋಗಿರಲಿಲ್ಲ.