ಉಸಿರುಗೊಳವೆಗೆ ಹಾಕಿದ ಬೋಲ್ಟು

ಆ ಅಂಗಡಿಯಲ್ಲಿ ಎಲ್ಲರಿಗೂ ಅವಳು ಅತ್ತಿಗೆ. ಮೈದುನ ಹಾಗೆ ಕರೆಯುತ್ತಿದ್ದ, ಅವನನ್ನು ಕೇಳಿ ಗಿರಾಕಿಗಳೂ ಕರೆದರು. ಕೊನೆಗೆ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಪಂಚರ್ ಅಜ್ಜನೂ ಅತ್ತಿಗೆ ಎಂದೇ ಕೂಗತೊಡಗಿದ. ಬೋರ್ಡಿನಲ್ಲಿ ಮಾತ್ರ ಅವಳಿಗೆ ಜಾಗವಿರಲಿಲ್ಲ. ಅಲ್ಲಿ 'ಸಹೋದರರ ಬೈಕ್ ರಿಪೇರಿ' ಎಂದಿತ್ತು.

ಸಹೋದರರಲ್ಲಿ ಹಿರಿಯವನು ಅವಳ ಗಂಡ. ಇಂಜಿನ್ ಕೆಲಸದಲ್ಲಿ ಎತ್ತಿದ ಕೈ. ಆರು ವರ್ಷದ ಹಿಂದೆ ಅವನ ಕಣ್ಣು ಮಂಜಾಗುತ್ತಾ ಬಂದಾಗ ಅವಳು ಮೊದಲು ಅವನಿಗೆ ಕಣ್ಣಾದಳು, ಆಮೇಲೆ ಕೈಯೂ ಆದಳು. ಅವನು ಸ್ಟೂಲಿನ ಮೇಲೆ ಕೂತು ಸದ್ದು ಕೇಳಿ ಹೇಳುವುದು, ಇವಳು ಬಿಚ್ಚುವುದು. ಬರಬರುತ್ತಾ ಅವನು ಹೇಳುವುದಕ್ಕೆ ಮೊದಲೇ ಇವಳು ಬಿಚ್ಚಿರುತ್ತಿದ್ದಳು.

ಮೈದುನನಿಗೆ ಇವರಿಬ್ಬರ ಬೆಂಚು ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನೆತ್ತಿ ಅಲ್ಲಿ ಹೆಲ್ಮೆಟ್ಟು, ಸೀಟ್ ಕವರು, ಬಣ್ಣದ ದೀಪ ಜೋಡಿಸುವ ಆಸೆ ಅವನದು. ನೆಪವೊಂದು ಬೇಕಿತ್ತು. ಅದನ್ನು ನರ್ಸಮ್ಮ ತಳ್ಳಿಕೊಂಡು ಬಂದಳು.

ನರ್ಸಮ್ಮ ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡುವವಳು. ಅಪ್ಪನ ಕಾಲದ ಒಂಟಿ ಸಿಲಿಂಡರಿನ ಬೈಕು ಅವಳದು. ಎಣ್ಣೆ ಹೊರಬರದಂತೆ ಇಂಜಿನ್ನಿಗೆ ಹಾಕುವ ರಬ್ಬರ್ ಬಳೆ, ಅದೇ ಆಯಿಲ್ ಸೀಲು, ಮೂರು ತಿಂಗಳಲ್ಲಿ ಮೂರು ಸಲ ಕಿತ್ತುಬಂದಿತ್ತು. ಮೂರು ಸಲವೂ ಗಂಡ ಹೇಳಿದ್ದು ಒಂದೇ ಮಾತು: "ಈಗ ಬರೋ ಸೀಲುಗಳೇ ಸರಿಯಿಲ್ಲ."

ಇದು ನಾಲ್ಕನೇ ಸಲ. ನೆಲಕ್ಕೆ ಬಿದ್ದ ಎಣ್ಣೆಯನ್ನು ನೋಡಿ ಮೈದುನ ನಕ್ಕ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅತ್ತಿಗೆ, ಇದೇ ಕೊನೆ. ಈ ಗಾಡಿ ಇನ್ನೊಂದು ಸಲ ಎಣ್ಣೆ ಕಾರಿಕೊಂಡು ಬಂದ್ರೆ ಬೆಂಚು ಎತ್ತಿಸ್ತೀನಿ. ಮತ್ತೆ ಗಿರಾಕಿ ಮುಂದೆ ನೀವು ಉಸಿರೆತ್ತಬೇಡಿ."

ಅವಳು ಗಾಡಿಯ ಪಕ್ಕಕ್ಕೆ ಹೋದಳು. ಮೊಣಕಾಲೂರಿ ಕೂತಳು. ಈ ಸಲ ಮೊದಲು ಸೀಲಿಗೆ ಕೈ ಹಾಕಲಿಲ್ಲ. ಸೀಲು ಸರಿಯಿದ್ದೂ ಎಣ್ಣೆ ಅದನ್ನು ತಳ್ಳಿಕೊಂಡು ಬರಬೇಕಾದರೆ ಒಳಗೆ ಅದನ್ನು ದೂಡುವವರು ಯಾರೋ ಇರಬೇಕಲ್ಲ? ಪಿಸ್ಟನ್ ಕೆಳಗಿಳಿದಾಗಲೆಲ್ಲ ಇಂಜಿನ್ನಿನ ಹೊಟ್ಟೆಯಲ್ಲಿರುವ ಗಾಳಿ ಹೊರಗೆ ಹೋಗಬೇಕು. ಅದಕ್ಕೆಂದೇ ಒಂದು ರಬ್ಬರ್ ಕೊಳವೆ ಇರುತ್ತದೆ. ಅವಳು ಆ ಉಸಿರುಗೊಳವೆಯನ್ನು ಬೆರಳಿನಿಂದ ಸವರುತ್ತಾ ಹಿಂದಿನ ಚಕ್ರದವರೆಗೂ ಹೋದಳು. ಅದರ ತುದಿಯಲ್ಲಿ ಒಂದು ಬೋಲ್ಟು ಬಿಗಿಯಾಗಿ ಕೂತಿತ್ತು. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ಇಲ್ಲಿ ತೆರೆದದ್ದು ಸೀಲು.

ಅವಳಿಗೆ ಖುಷಿಯಾಯಿತು, ಆದರೆ ಎರಡು ಕ್ಷಣ ಮಾತ್ರ. ಕಿತ್ತು ನೋಡಿದರೆ, ಬೋಲ್ಟಿಗೆ ಎರಡು ಸುತ್ತು ಬಿಳಿ ಟೇಪು ಸುತ್ತಿ, ಮೂರನೆಯ ಸುತ್ತಿನ ತುದಿಯನ್ನು ಮಡಿಚಿ ಇಟ್ಟಿತ್ತು. ಹಾಗೆ ಮಡಿಚುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ. ಎದ್ದು ಹೋಗಿ ಅದನ್ನು ಗಂಡನ ಅಂಗೈಯಲ್ಲಿಟ್ಟಳು.

ಅವನು ಹೆಬ್ಬೆರಳಿನಿಂದ ಟೇಪನ್ನು ತಡವಿದ. ಮುಖ ಸಪ್ಪಗಾಯಿತು. ನಾಲ್ಕು ತಿಂಗಳ ಹಿಂದೆ, ಕೊಳವೆಯಿಂದ ಎಣ್ಣೆ ಸಿಡಿದು ಬಿಳಿ ಕೋಟು ಹಾಳಾಗುತ್ತಿದೆ ಎಂದು ನರ್ಸಮ್ಮ ದೂರಿದ್ದಳು. ಅವತ್ತು ಹೆಂಡತಿ ಅಂಗಡಿಗೆ ಬಂದಿರಲಿಲ್ಲ. ತಡವರಿಸಿ ತುದಿ ಹುಡುಕಿ ತಾನೇ ಬಿಗಿದಿದ್ದ. ಕೋಟಿಗೆ ಕಲೆಯಾಗುವುದು ನಿಂತಿತ್ತು, ಎಲ್ಲರೂ ಶಹಬ್ಬಾಸ್ ಎಂದಿದ್ದರು.

"ಏನೇ," ಎಂದ ಅವನು ಪಿಸುದನಿಯಲ್ಲಿ, "ಸುಮ್ನೆ ಎಸೆದುಬಿಡು. ಅವರ ಮುಂದೆ ಉಸಿರೆತ್ತಬೇಡ."

ಇಡೀ ದಿನದಲ್ಲಿ ಅದನ್ನು ಎರಡನೆಯ ಸಲ ಕೇಳಿದ್ದಳು. ಮೈದುನ ಹೇಳಿದಾಗ ಬರದ ಸಿಟ್ಟು ಈಗ ಬಂತು. "ಇಂಜಿನ್ ಬಾಯಿಗೆ ಬಿರಡೆ ಹಾಕಿದ್ದು ಸಾಕಾಗ್ಲಿಲ್ವಾ? ನನ್ನ ಬಾಯಿಗೂ ಹಾಕ್ತೀರಾ?" ಎಂದು ಇಡೀ ಬೀದಿಗೆ ಕೇಳುವಂತೆ ಅಂದು ನರ್ಸಮ್ಮನ ಕಡೆ ತಿರುಗಿದಳು. "ಸಿಸ್ಟರ್, ನಿಮ್ಮ ಸೀಲುಗಳೆಲ್ಲ ಚೆನ್ನಾಗೇ ಇದ್ವು. ಕೆಡಿಸಿದ್ದು ನಾವು. ಈ ಬೋಲ್ಟು ನಮ್ಮನೆಯವರು ಹಾಕಿದ್ದು."

ನರ್ಸಮ್ಮ ಬೋಲ್ಟನ್ನೂ ಅವಳನ್ನೂ ನೋಡಿದಳು. "ಬಾಣಂತಿಗೆ ಜ್ವರ ಸುಡ್ತಿತ್ತು. ನಾನು ಈ ಗಾಡಿ ತಳ್ಕೊಂಡು ಎರಡು ಮೈಲಿ ಹೋಗಿದ್ದೀನಿ, ಗೊತ್ತಾ?"

"ತಪ್ಪಾಯ್ತು."

"ಸರಿ ಮಾಡೋಕೆ ಬರುತ್ತಾ?"

"ಬರುತ್ತೆ."

ಮೈದುನ ಚಪ್ಪಾಳೆ ತಟ್ಟುವುದೊಂದು ಬಾಕಿ. ಗಂಡ ಆ ದಿನವೆಲ್ಲ ಅವಳ ಜೊತೆ ಮಾತಾಡಲಿಲ್ಲ.

ಬೋಲ್ಟು ತೆಗೆದರೆ ಮತ್ತೆ ಕೋಟಿಗೆ ಎಣ್ಣೆ. ಅದಕ್ಕೆ ಹೊಸ ಸೀಲು ಕೂರಿಸಿ, ಕೊಳವೆಯನ್ನು ಸೀಟಿನಡಿಯವರೆಗೂ ಎತ್ತರಿಸಿ, ಸಿಡಿಯುವ ಎಣ್ಣೆ ಹಿಡಿಯಲು ತುದಿಗೆ ಕೆಮ್ಮಿನ ಔಷಧಿಯ ಖಾಲಿ ಬಾಟಲಿ ಕಟ್ಟಿದಳು. ಗಾಳಿ ಹೊರಗೆ ಹೋಗಬೇಕು, ಒಳಗೆ ಬರಬಾರದು. ಹಾಗಾದರೆ ಒಳಗಿನ ಒತ್ತಡ ಇಳಿದು ಸೀಲು ಒಣಗಿರುತ್ತದೆ. ಈ ಒಮ್ಮುಖದ ಬಾಗಿಲಿಗೆಂದು ಮಗುವಿನ ಹಾಲಿನ ಬಾಟಲಿಯ ನಿಪ್ಪಲ್ಲನ್ನು ಸೀಳಿ ಹಾಕಿದಳು. ನಾಲ್ಕೇ ದಿನಕ್ಕೆ ಅದು ಎಣ್ಣೆ ಕುಡಿದು ಉಬ್ಬಿ ಕಳಚಿ ಬಿತ್ತು. ಸದ್ಯ, ಸೀಲು ತಡೆದಿತ್ತು. "ಗಾಡಿಗೆ ಹಾಲು ಕುಡಿಸ್ತಿದ್ದೀರಾ ಅತ್ತಿಗೆ?" ಎಂದು ಮೈದುನ ಬಂದವರಿಗೆಲ್ಲ ಹೇಳಿಕೊಂಡು ನಕ್ಕ.

ಆಗ ಸ್ಟೂಲಿನಿಂದ ಸದ್ದು ಬಂತು. ಗಂಡ ತನ್ನ ಹಳೆಯ ಫೀಲರ್ ಗೇಜನ್ನು ಬಿಡಿಸುತ್ತಿದ್ದ. ಸಂದು ಅಳೆಯುವ ಉಕ್ಕಿನ ಎಲೆಗಳ ಆ ಕಟ್ಟನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎಲ್ಲಕ್ಕಿಂತ ತೆಳುವಾದ ಎಲೆಯನ್ನು ಬೆರಳಿನಲ್ಲೇ ಆರಿಸಿ ಚಾಚಿದ. "ರಬ್ಬರ್ ಬೇಡ. ಇದನ್ನ ಕತ್ತರಿಸು."

ಅವಳು ಕತ್ತರಿಸಿದಳು. ಹಿತ್ತಾಳೆಯ ಬಳೆಯ ರಂಧ್ರದ ಮೇಲೆ ಆ ಚೂರನ್ನು ಒಂದು ಬದಿ ಮಾತ್ರ ಬಿಗಿದು, ಬಳೆಯನ್ನು ಕೊಳವೆಯೊಳಗೆ ಕೂರಿಸಿ ಕಿಕ್ ಹೊಡೆದಳು. ಗಂಡ ಕೊಳವೆಯ ತುದಿಗೆ ಬೆರಳಿಟ್ಟು ಬಹಳ ಹೊತ್ತು ಕೂತ. "ಮೊದಲು ಬೆರಳನ್ನ ಎಳೀತಾನೂ ಇತ್ತು, ತಳ್ತಾನೂ ಇತ್ತು," ಎಂದ. "ಈಗ ಬರೀ ತಳ್ತಾ ಇದೆ." ಅವಳಿಗೆ ಅಳು ಬಂತು, ಹೊಗೆಯ ಮೇಲೆ ಹಾಕಿದಳು.

ತಿಂಗಳು ಕಳೆದು ನರ್ಸಮ್ಮ ಬಂದಳು, ಓಡಿಸಿಕೊಂಡು. ಮೈದುನ ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತು ತನ್ನ ಕರ್ಚೀಫಿನಿಂದಲೇ ಇಂಜಿನ್ನಿನ ಅಡಿ ಒರೆಸಿದ. ಧೂಳು ಬಂತು, ಎಣ್ಣೆ ಬರಲಿಲ್ಲ. ಅವನು ಎದ್ದು ಬೆಂಚಿನ ಸುದ್ದಿ ಬಿಟ್ಟು ಬೋರ್ಡಿನ ಕಡೆ ಕೈ ತೋರಿಸಿದ. ಅದರ ಕೆಳಗೆ ಅವಳು ಮೊಳೆ ಹೊಡೆದು, ಟೇಪು ಸಮೇತ ಆ ಬೋಲ್ಟನ್ನು ನೇತುಹಾಕಿದ್ದಳು.

"ಅದನ್ನಾದ್ರೂ ತೆಗೀರಿ ಅತ್ತಿಗೆ. ಅಂಗಡಿ ಮರ್ಯಾದೆ ಹೋಗುತ್ತೆ."

"ಹೋಗೋ ಮರ್ಯಾದೆ ಹೋಗ್ಲಿ. ಅದು ಅಲ್ಲೇ ಇರುತ್ತೆ."

ಅಷ್ಟರಲ್ಲಿ ಹೊಸ ಗಿರಾಕಿಯೊಬ್ಬ ಕತ್ತೆತ್ತಿ, ಇದೇನು ಬೋಲ್ಟು ಎಂದು ಕೇಳಿದ. ಅವಳು ಬಾಯಿ ತೆರೆಯುವುದರೊಳಗೆ ಸ್ಟೂಲಿನಿಂದ ಉತ್ತರ ಬಂತು, ಇಡೀ ಬೀದಿಗೆ ಕೇಳುವಂತೆ:

"ಹಾಕಿದ್ದು ನಾನು. ತೆಗೆದದ್ದು ಇವಳು."