ಅಜ್ಗರೋತನ ಹೆಸರಿನ ಹಬ್ಬ

ಅಥೆನ್ಸ್ ಕಡೆಯ ಬಂದರೂರು ಪಾತ್ರಾದ ನಮ್ಮ ಬೀದಿಯಲ್ಲಿ ಆ ಬ್ಯಾಂಡಿನಿಂದ ಮೊದಲು ಹೊಡೆತ ತಿಂದವನು ನಾನು. ನನ್ನದು ಕ್ಷೌರದಂಗಡಿ. ತೊಂಬತ್ತೊಂದನೇ ಇಸವಿಯಲ್ಲಿ ಎದುರು ಮನೆಯ ಪೊಲಿಕ್ರೋನಿಸ್ ಮತ್ತು ಅವನ ಇಬ್ಬರು ಗೆಳೆಯರು ನನ್ನ ಅಂಗಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಕೂದಲು ಬೆನ್ನು ದಾಟಿ ಸೊಂಟಕ್ಕೆ ಹೊರಟಿತು. ಮೈಗೆ ಕಪ್ಪು ಬಟ್ಟೆ, ಕೈಗೆ ಮೊಳೆ ಜಡಿದ ಪಟ್ಟಿ. ತಮ್ಮದು ಬ್ಲ್ಯಾಕ್ ಮೆಟಲ್, ಅಂದರೆ ಸೈತಾನನ ಹೆಸರಲ್ಲಿ ಅಬ್ಬರಿಸಿ ಹಾಡುವ ಸಂಗೀತ, ಎಂದರು. ಬ್ಯಾಂಡಿನ ಹೆಸರನ್ನು ತಾವು ಬಾರಿಸುತ್ತಿದ್ದ ಎದುರು ಮನೆಯ ನೆಲಮಾಳಿಗೆಯ ಬಾಗಿಲ ಮೇಲೆ ಬರೆದರು. ಅದು ಮುಳ್ಳುಬೇಲಿಯ ಹಾಗಿತ್ತು, ನನಗಂತೂ ಇವತ್ತಿಗೂ ಓದಲು ಬಂದಿಲ್ಲ. ಜನರನ್ನು ಹೆದರಿಸಲು ಮುಖಕ್ಕೆ ಸುಣ್ಣದಂಥ ಬಿಳಿ ಬಳಿದುಕೊಂಡರು. ವರ್ಷವರ್ಷ ಕಾರ್ನಿವಲ್ ಹಬ್ಬದಲ್ಲಿ ಊರಿಗೆ ಊರೇ ಬಣ್ಣ ಬಳಿದುಕೊಳ್ಳುವ ಪಾತ್ರಾದಲ್ಲಿ ಹೆದರುವವರು ಯಾರು? "ಕಾರ್ನಿವಲ್‌ಗೆ ಇನ್ನೂ ತಿಂಗಳಿದೆಯಲ್ಲೋ" ಎಂದು ಬೇಕರಿಯವನು ನಕ್ಕ.

ಇರಲಿ. ನಾನು ಹೇಳಬೇಕೆಂದಿದ್ದು ಆ ನೆಲಮಾಳಿಗೆಯ ಒಡತಿ, ಹುಡುಗ ಪೊಲಿಕ್ರೋನಿಸ್‌ನ ಅಜ್ಜಿ ಪೊಲಿಕ್ಸೇನಿಯ ಕಥೆ.

ಅಜ್ಜಿಯ ಗಂಡ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಅವನ ಹೆಸರೂ ಪೊಲಿಕ್ರೋನಿಸ್. ಅವನು ಒಮ್ಮೆ ಕೂಗಿದರೆ ದೂರದ ಹಡಗೂ ತಿರುಗಿ ನೋಡುತ್ತಿತ್ತು ಎಂದು ಅಜ್ಜಿಯೇ ಹೇಳುತ್ತಿದ್ದಳು. ಅವನು ತೀರಿಕೊಂಡ ಮೇಲೆ ಉಳಿದದ್ದು ಮೊಮ್ಮಗನಿಗೆ ಇಟ್ಟ ಹೆಸರೊಂದೇ. ಹುಡುಗನ ಅಪ್ಪ ಅಮ್ಮ ಜರ್ಮನಿಯ ಕಾರ್ಖಾನೆಯಲ್ಲಿದ್ದರು; ಸಾಕಿದವಳು ಅಜ್ಜಿ. ಪ್ರತಿ ಅಕ್ಟೋಬರ್ ಏಳರಂದು, ಸಂತ ಪೊಲಿಕ್ರೋನಿಯೋಸನ ದಿನ, ಅಂದರೆ ಆ ಸಂತನ ಹೆಸರಿಟ್ಟುಕೊಂಡವರ ಹಬ್ಬದ ದಿನ, ಅವಳ ಮನೆ ಬಾಗಿಲು ಬೆಳಗಿನಿಂದ ತೆರೆದಿರುತ್ತಿತ್ತು. ಕರೆಯುವುದು ಗಿರೆಯುವುದು ಇಲ್ಲ. ಹೋಗುವುದು, ಕೆನೆ ತುಂಬಿ ಪಾಕದಲ್ಲಿ ನೆನೆಸಿದ ಗಲಕ್ತೊಬುರೆಕೊ ತಿನ್ನುವುದು, ತೆಂತೂರಾ ಮದ್ಯ ಗುಟುಕರಿಸುವುದು, "ನೂರು ವರ್ಷ ಬಾಳು ಪೊಲಿಕ್ರೋನಿ" ಎನ್ನುವುದು. ಆ ಮಾತು ಕೇಳುವಾಗ ಅಜ್ಜಿ ಹುಡುಗನನ್ನು ನೋಡುತ್ತಿರಲಿಲ್ಲ, ಗೋಡೆಯ ಮೇಲಿನ ಗಂಡನ ಫೋಟೋ ನೋಡುತ್ತಿದ್ದಳು.

ಅಂಥವಳ ಮುಂದೆ ಒಂದು ದಿನ ಹುಡುಗ ಸೆಟೆದು ನಿಂತ.

"ಅಜ್ಜಿ, ಇನ್ಮೇಲೆ ನನ್ನ ಪೊಲಿಕ್ರೋನಿಸ್ ಅನ್ಬೇಡ. ನಾನು ಅಜ್ಗರೋತ್."

"ಅದ್ಯಾವೂರ ಸಂತನೋ?"

"ಸಂತ ಅಲ್ಲ. ಪಾತಾಳದ ದೊರೆ."

"ದೊರೆನೋ ಗಿರೆನೋ, ಅವನ ಹಬ್ಬ ಯಾವತ್ತು?"

ಪಾತಾಳದ ದೊರೆ ತಲೆ ಕೆರೆದುಕೊಂಡ. "ಹಬ್ಬ ಗಿಬ್ಬ ಇಲ್ಲ."

"ಹಬ್ಬಾನೇ ಇಲ್ದಿರೋ ಹೆಸರು ಇಟ್ಕೊಂಡ್ರೆ ಜನ ಸಿಹಿ ತಿನ್ನೋಕೆ ಯಾವತ್ತು ಬರ್ಬೇಕೋ, ಮಂಕೇ?"

ಅವನೆದುರು ಹಾಗೆ ರೇಗಿದವಳು ನನ್ನ ಅಂಗಡಿಗೆ ಬಂದು ಅತ್ತುಬಿಟ್ಟಳು. "ಆರ್ಗಿರಿ, ನನ್ನ ಮುದುಕನ ಹೆಸರು ಮನೇಲಿ ಕೂಗೋಕೆ ಅಂತ ಅದೊಂದೇ ಉಳಿದಿತ್ತು ಕಣೋ. ಅದನ್ನೂ ಗಾಳಿಗೆ ತೂರಿಬಿಟ್ಟ."

ನಾನು ಕತ್ತರಿ ಕೈಗೆತ್ತಿಕೊಂಡೆ. "ಮಲಗಿದ್ದಾಗ ಹೋಗಿ ಕೂದಲು ಕತ್ತರಿಸಿಬಿಡ್ಲಾ?" ಎಂದೆ.

"ಕೂದಲು ಹೋದ್ರೆ ಹೆಸರು ವಾಪಸ್ ಬರುತ್ತಾ? ನಿನ್ನ ವ್ಯಾಪಾರದ ಯೋಚನೆ ನಿಂಗೆ."

ಆಮೇಲೆ ಅವಳಿಗೇ ದಾರಿ ಹೊಳೆಯಿತು. ತಮ್ಮ ಹೆಸರಿನ ಸಂತ ಇಲ್ಲದವರಿಗೆಂದು ಜೂನ್‌ನಲ್ಲಿ ಸರ್ವಸಂತರ ಭಾನುವಾರ ಇದೆಯಲ್ಲ? ಅಜ್ಜಿ ಅಂದು ಬಾಗಿಲು ಹಾರುಹೊಡೆದಳು. ಬೀದಿಯೆಲ್ಲ ಅಜ್ಗರೋತನ ಹಬ್ಬಕ್ಕೆ ಬಂತು. ಅದೇ ದಿನ ಬ್ಯಾಂಡಿನ ಬಗ್ಗೆ ಬರೆಯಲು ಅಥೆನ್ಸ್‌ನಿಂದ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ಬಂದಿದ್ದ. ಬಿಳಿ ಮುಖ, ಮೊಳೆ ಕೈಪಟ್ಟಿಯ ಮೂವರೂ ನೆಲಮಾಳಿಗೆಯಲ್ಲಿ ಹಲ್ಲು ಕಚ್ಚಿಕೊಂಡು ತಯಾರಾಗಿ ನಿಂತಿದ್ದರೆ, ಅಜ್ಜಿ ಅವರನ್ನು ಮೇಲೆ ಎಳೆದು ತಂದು ಸೋಫಾದ ಮೇಲೆ ಕೂರಿಸಿದಳು.

ಪಾದ್ರಿ ಗೆರಾಸಿಮೋಸ್ ಗ್ಲಾಸು ಎತ್ತಿದರು. "ನೂರು ವರ್ಷ ಬಾಳಪ್ಪ, ಅಜ್ಗರೋತ್!"

ಬೇಕರಿಯವನ ಹೆಂಡತಿ ಕೆನ್ನೆ ಹಿಂಡಿದಳು. "ನಮ್ಮ ಪುಟ್ಟ ಅಜ್ಗರೋತಾಕಿ! ಬೇಗ ನಿಂಗೊಂದು ಮದ್ವೆ ಆಗ್ಲಿ." ಅವಳ ಬೆರಳಿಗೆ ಬಿಳಿ ಬಣ್ಣ ಮೆತ್ತಿಕೊಂಡಿತು.

ಪತ್ರಿಕೆಯವನು ಬಾಯ್ತುಂಬ ಸಿಹಿ ಇಟ್ಟುಕೊಂಡೇ ಗಂಭೀರವಾಗಿ ಕೇಳಿದ: "ಚರ್ಚಿನ ಜೊತೆ ನಿಮ್ಮ ಸಂಬಂಧ?"

ಹುಡುಗ ಬಾಯಿ ತೆರೆಯುವ ಮೊದಲೇ ಪಾದ್ರಿಗಳು ಅಂದರು: "ಬಹಳ ಒಳ್ಳೇದು. ಇವರಜ್ಜಿ ಸುಟ್ಟ ಪ್ರಸಾದದ ರೊಟ್ಟೀನ ಶನಿವಾರ ಶನಿವಾರ ಇವನೇ ಹೊತ್ಕೊಂಡು ಬರ್ತಾನೆ."

ಹುಡುಗನ ಮುಖ ಬಿಳಿ ಬಣ್ಣದೊಳಗಿಂದಲೂ ಕೆಂಪಾದದ್ದು ನನಗೆ ಕಂಡಿತು. ಅಜ್ಜಿ ಎಲ್ಲರಿಗೂ ನಗುನಗುತ್ತ ಬಡಿಸಿದಳು. ಫೋಟೋದ ಕಡೆ ಮಾತ್ರ ಒಮ್ಮೆಯೂ ನೋಡಲಿಲ್ಲ.

ಅಕ್ಟೋಬರ್ ಏಳು ಬಂತು. ಅಜ್ಜಿಯ ಬಾಗಿಲು ಮುಚ್ಚಿತ್ತು. ಉಡುಗೊರೆಯ ಹೂವಿನ ಕುಂಡ ಹಿಡಿದು ಬಂದವರು ಬೀದಿಯಲ್ಲೇ ನಿಂತು ಪಿಸುಗುಟ್ಟುತ್ತಿದ್ದರು. ಆ ಹೊತ್ತಿಗೆ ಅಥೆನ್ಸ್‌ನಲ್ಲಿ ತಮ್ಮ ಮೊದಲ ಕ್ಯಾಸೆಟ್ ಮುಗಿಸಿಕೊಂಡು ಮೂವರೂ ಬಸ್ಸಿಳಿದು ಬಂದರು. ಹಸಿದಿದ್ದರು. ಹುಡುಗ ಬಾಗಿಲು ತಟ್ಟಿದ.

"ಯಾರದು?"

"ನಾನೇ, ಅಜ್ಜಿ."

"ನಾನು ಅಂದ್ರೆ ಯಾರು? ಇವತ್ತಿನ ಹಬ್ಬ ಪೊಲಿಕ್ರೋನಿಸ್‌ದು. ಅವನು ಮನೇಲಿಲ್ಲ. ನಿಂದು ಜೂನ್‌ನಲ್ಲೇ ಆಯ್ತಲ್ಲಪ್ಪ, ದೊರೆ."

ಬೀದಿಯೆಲ್ಲ ನೋಡುತ್ತಿತ್ತು. ಗೆಳೆಯರಿಬ್ಬರೂ ನೋಡುತ್ತಿದ್ದರು. ನಾನೂ ಗಿರಾಕಿಯ ಗಲ್ಲದ ಮೇಲೆ ಅರ್ಧ ನೊರೆ ಬಿಟ್ಟು ಬಾಗಿಲಿಗೆ ಬಂದಿದ್ದೆ. ಹುಡುಗ ಬಾಗಿಲಿಗೆ ಬಾಯಿ ಹಚ್ಚಿ ಏನೋ ಗೊಣಗಿದ.

"ಜೋರಾಗಿ ಹೇಳೋ! ಕೆಳಗೆ ನೀವು ಬಡ್ದು ಬಡ್ದು ನನ್ನ ಕಿವಿ ಹೊರಟುಹೋಗಿದೆ."

ಅವನು ಒಮ್ಮೆ ಗೆಳೆಯರನ್ನು ನೋಡಿದ, ಒಮ್ಮೆ ನಮ್ಮನ್ನು ನೋಡಿದ. ಎದೆ ತುಂಬ ಉಸಿರೆಳೆದುಕೊಂಡ. ಆಮೇಲೆ ನೆಲಮಾಳಿಗೆಯಲ್ಲಿ ಪಾತಾಳಕ್ಕೆ ಕೇಳಲೆಂದು ಸಾಕಿದ್ದ ಅದೇ ದನಿಯಲ್ಲಿ ಅಬ್ಬರಿಸಿದ:

"ಪೊಲಿಕ್ರೋನಿಸ್!"

ತಂತಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಬಾಗಿಲು ತೆರೆಯಿತು. ಒಳಗೆ ಮೇಜಿನ ತುಂಬ ಗಲಕ್ತೊಬುರೆಕೊ ತಟ್ಟೆಗಳು ಬೆಳಗಿನಿಂದ ಕಾಯುತ್ತಿದ್ದವು. ಅಜ್ಜಿ ಹೊಸ್ತಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇನ್ನೊಂದ್ಸಲ ಕೂಗು, ಬಂಗಾರ," ಎಂದಳು. "ಥೇಟ್ ನನ್ನ ಮುದುಕನದೇ ಗಂಟಲು."