ಗುಡ್ಡದ ಸೀತಾಫಲಕ್ಕೆ ಹತ್ತಿದ ಮಸಿ

ನಾನು ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನನ್ನು ಓದಿಸಿದ್ದು ಅವ್ವನ ಕೂಲಿ ಮತ್ತು ದೇವದುರ್ಗದ ಕಡೆಯ ನಮ್ಮೂರ ಕಲ್ಲುಗುಡ್ಡದ ಸೀತಾಫಲ. ಬಂಡೆ ಸಂದಿಯಲ್ಲಿ ತಾವಾಗಿಯೇ ಎದ್ದ ಗಿಡಗಳು ಅವು. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಹಣ್ಣು ಕಿತ್ತು ರಾಯಚೂರಿಗೆ ಒಯ್ದು, ಮಾರ್ಕೆಟ್ಟಿನಲ್ಲಿ ಹಣ್ಣಿನ ವ್ಯಾಪಾರ ಮಾಡುವ ಒಬ್ಬ ಮುಸ್ಲಿಂ ಹೆಂಗಸಿಗೆ ಕೊಡುತ್ತಿದ್ದಳು. ಅವರನ್ನು ನಾನು ಚಿಕ್ಕಂದಿನಿಂದಲೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ.

ಎರಡು ವರ್ಷದ ಹಿಂದೆ ರಜೆಗೆ ಊರಿಗೆ ಹೋದಾಗ ಅವ್ವ ಅಂಗಳದಲ್ಲಿ ಕೂತು ಹಣ್ಣು ಒರೆಸುತ್ತಿದ್ದಳು. ಹಣ್ಣಿನ ಮೈಮೇಲಿನ ಗೆರೆಗಳಲ್ಲೆಲ್ಲ ಕಪ್ಪು. ಮುಟ್ಟಿದರೆ ಬೆರಳಿಗೆ ಜಿಡ್ಡಿನಂತೆ ಅಂಟಿತು. ಮೂಸಿದೆ. ಸುಟ್ಟ ಟೈರಿನ ನಾತ.

“ಇದೇನ್ ಬೇ ಯವ್ವಾ?”

“ಗಾಳಿಗಿ ಬಂದು ಕುಂತದ. ಒಂದು ಅರಿಬಿ ತಗೊ, ನೀನೂ ಒರಸು.”

ನಾನು ಒರೆಸಿದೆ. ಅದನ್ನು ಬರೆಯುವಾಗ ಈಗಲೂ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ. ಹೊಗೆ ಎಲ್ಲಿ ಹೋಗಿ ಕೂರುತ್ತದೆಂದು ಮಕ್ಕಳಿಗೆ ಪಾಠ ಹೇಳುವವಳು ನಾನೇ.

ಮರುದಿನ ಮಾರ್ಕೆಟ್ಟಿನಲ್ಲಿ ಖಾಲಾ ಒಂದು ಹಣ್ಣನ್ನು ತಿರುಗಿಸಿ ನೋಡಿ ಬಕೆಟ್ಟಿನಲ್ಲಿ ಅದ್ದಿದರು. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತು.

“ನಾ ತಗೊಳ್ಳಲ್ಲ ಅಕ್ಕಾ. ಇದು ಮಕ್ಕಳು ತಿನ್ನೋ ಹಣ್ಣು.”

“ಇಷ್ಟು ವರ್ಷ ತಗೊಂಡಿಯಲ್ಲ?” ಎಂದಳು ಅವ್ವ.

“ಇಷ್ಟು ವರ್ಷ ಹಿಂಗ ಇರಲಿಲ್ಲ.” ಖಾಲಾ ನನ್ನ ಕಡೆ ತಿರುಗಿದರು. “ಬೇಟಿ, ನೀ ಓದಿದಾಕಿ. ನಿನಗ ಕಾಣಲಿಲ್ಲೇನು?”

ಅವ್ವ ಸಿಟ್ಟಿನಿಂದ ಬುಟ್ಟಿಯನ್ನು ಕಸದ ಗುಂಪಿಗೆ ಸುರಿದಳು. ಆಕಳೊಂದು ಬಂದು ಮೂತಿ ಹಾಕಿತು. ಅವ್ವ ಅದನ್ನು ಓಡಿಸಿ, ಬಗ್ಗಿ, ಒಂದೊಂದೇ ಹಣ್ಣನ್ನು ಮತ್ತೆ ಬುಟ್ಟಿಗೆ ಹಾಕಿಕೊಂಡಳು. ಊರಿಗೆ ಬಂದು ಗುಂಡಿ ತೆಗೆದು ಮುಚ್ಚಿದೆವು.

ಮಾರನೇ ದಿನ ಇಬ್ಬರೂ ಗುಡ್ಡ ಹತ್ತಿದೆವು. ನೆತ್ತಿಯ ಬಂಡೆಯಲ್ಲೊಂದು ತಗ್ಗಿದೆ, ಮಳೆನೀರು ಅಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಹಣ್ಣು ಕೀಳುವವರು ಅದನ್ನೇ ಕುಡಿಯುವುದು. ಈಗ ಅದರ ಮೇಲೆ ಕರಿ ಕೆನೆ ಕಟ್ಟಿತ್ತು, ಸತ್ತ ಹುಳಗಳು ಅಂಟಿಕೊಂಡಿದ್ದವು. ದೂರದ ಬಯಲಿನಲ್ಲಿ, ಹಳೇ ಟೈರ್ ಕಾಯಿಸಿ ಎಣ್ಣೆ ತೆಗೆಯುವ ಹೊಸ ಕಾರ್ಖಾನೆಯ ಹೊಗೆ ನಮ್ಮ ಕಡೆಗೇ ಬಾಗಿತ್ತು.

“ಹೋದ ವಾರ ಇದನ್ನ ಕುಡದೀನಿ,” ಎಂದಳು ಅವ್ವ. “ಸೆರಗಿನಾಗ ಸೋಸಿ ಕುಡದೆ.”



ಆ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ರಾಯಚೂರಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಆಫೀಸಿಗೆ ಹೋದೆ. ಸಾಹೇಬರು ಬಾಟಲಿ ಮುಟ್ಟಲಿಲ್ಲ.

“ಗುಡ್ಡದ ಮ್ಯಾಲ ಫ್ಯಾಕ್ಟ್ರಿ ಇಲ್ಲಲ್ರೀ ಮೇಡಂ. ನೀರು ಹೆಂಗ ಕೆಡ್ತದ?”

ಹೊಗೆ ಆಕಾಶದಲ್ಲಿ ಕರಗಿಹೋಗುವುದಿಲ್ಲ, ಇಬ್ಬನಿಯ ಜೊತೆ, ಮಳೆಯ ಜೊತೆ, ಬರಿಗಾಳಿಯಲ್ಲೂ ಇಳಿಯುತ್ತದೆ, ಎತ್ತರದ ಬಂಡೆ ಅದನ್ನು ಮೊದಲು ಹಿಡಿಯುತ್ತದೆ ಎಂದು ವಿವರಿಸಿದೆ. ಅವರು ಆಕಳಿಸಿ, “ಬರದು ಕೊಟ್ಟು ಹೋಗ್ರಿ,” ಎಂದರು.

ಎಷ್ಟೋ ತಿಂಗಳ ಮೇಲೆ ಉತ್ತರ ಬಂತು. ಕಾರ್ಖಾನೆಯವರು ಚಿಮಣಿಯನ್ನು ಎತ್ತರಿಸಿದ್ದಾರೆ, ಆದ್ದರಿಂದ ದೂರು ಮುಕ್ತಾಯಗೊಂಡಿದೆ. ನಿಜಕ್ಕೂ ಎತ್ತರಿಸಿದ್ದರು. ಹೊಗೆ ಈಗ ನಮ್ಮ ಗುಡ್ಡ ದಾಟಿ ಆಚೆಯ ಗುಡ್ಡದ ಮೇಲೆ ಇಳಿಯುತ್ತಿತ್ತು. ಅಲ್ಲಿಗೆ ಹೋಗಿ ನೋಡಿದೆ. ಸೌದೆ ಆರಿಸುತ್ತಿದ್ದ ನಾಲ್ವರು ಹೆಂಗಸರು, ಎಲೆಗಳ ಮೇಲಿನ ಕಪ್ಪು ನೋಡಿ ಏನೋ ರೋಗವೆಂದುಕೊಂಡಿದ್ದರು. ಎಲ್ಲ ಹೇಳಿದೆ. ಅವರು ನನ್ನ ಜೊತೆ ಆಫೀಸಿಗೆ ಬಂದರು, ಅವ್ವನೂ ಬಂದಳು.

ಬಾಗಿಲಲ್ಲಿ ಜವಾನ ತಡೆದ. “ಚಪ್ಪಲಿ ಹೊರಗ ಬಿಡ್ರಿ. ಈಗಷ್ಟ ನೆಲ ಒರಸೇವಿ, ಹೊಲಸಾಗ್ತದ.”

ಅವ್ವ ಅವನ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡೇ ಒಳಗೆ ನಡೆದಳು. ನಾವೂ ಹಿಂದೆ ಹೋದೆವು.